ಕೋಣೆಗಿಂತ ಮೊದಲು ಕಡಲು ನೋಡಿ

ಇಟ್ಟಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಜನ ಮೊದಲೆಲ್ಲ ಸಮುದ್ರ ನೋಡುತ್ತಿದ್ದುದು ಯಾತ್ರೆಯ ನೆಪದಲ್ಲಿ. ಗೋಕರ್ಣದ ಮಹಾಬಲೇಶ್ವರ, ಮುರುಡೇಶ್ವರ, ಉಡುಪಿ ಎಂದು ಹೊರಟವರು ದಾರಿಯಲ್ಲಿ ಸಿಕ್ಕ ಕಡಲಿಗೆ ಕಾಲು ತೋಯಿಸಿ, ಛತ್ರದಲ್ಲಿ ಒಂದು ರಾತ್ರಿ ಮಲಗಿ ಊರಿಗೆ ಮರಳುತ್ತಿದ್ದರು. ಈಗ ಹಾಗಿಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನೋ ಮಗಳೋ ಅಪ್ಪ ಅವ್ವನನ್ನು ಕರೆದುಕೊಂಡು ಎರಡು ರಾತ್ರಿ ಕಡಲಂಚಿನ ರೆಸಾರ್ಟಿನಲ್ಲಿ ಆರಾಮಾಗಿ ಇದ್ದು ಬರೋಣ ಎನ್ನುತ್ತಾರೆ. ದೇವರ ದರ್ಶನ ಆದರಾಯಿತು, ಆಗದಿದ್ದರೂ ನಡೆಯಿತು. ಆಯ್ಕೆ ಮಾತ್ರ ಮೊಬೈಲಿನಲ್ಲೇ ಮುಗಿಯುತ್ತದೆ: ನೀಲಿ ಈಜುಕೊಳ, ಬಿಳಿ ಹಾಸಿಗೆ, ಉದ್ದನೆಯ ಬಫೆ ಮೇಜು, ಮೂಲೆಯಲ್ಲಿ ನಾಲ್ಕೂವರೆ ನಕ್ಷತ್ರ. ಇಷ್ಟು ನೋಡಿ ಹಣ ಕಟ್ಟುವುದು ತಲೆಕೆಳಗಾದ ಲೆಕ್ಕ ಎಂಬುದು ನನ್ನ ವಾದ. ಹೊಲ ಕೊಳ್ಳುವವನು ಅದರಲ್ಲಿರುವ ಮನೆಯ ಬಣ್ಣ ನೋಡುವುದಿಲ್ಲ. ನೀರು ನೋಡುತ್ತಾನೆ, ದಾರಿ ನೋಡುತ್ತಾನೆ. ಕಡಲ ರಜೆಗೂ ಮೊದಲು ಆರಿಸಬೇಕಾದದ್ದು ತೀರ ಮತ್ತು ತಿಂಗಳು. ರೆಸಾರ್ಟ್ ಆಮೇಲಿನ ಮಾತು.

ನಕ್ಷತ್ರ ಏನನ್ನು ಅಳೆಯುತ್ತದೆ ಎಂಬುದರಿಂದಲೇ ಶುರು ಮಾಡೋಣ. ನಮ್ಮಲ್ಲಿ ಹೋಟೆಲುಗಳಿಗೆ ಅಧಿಕೃತವಾಗಿ ನಕ್ಷತ್ರ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಅದಕ್ಕೆ ಅರ್ಜಿ ಹಾಕುವುದು ಮಾಲೀಕರ ಇಚ್ಛೆ. ಅಳೆಯುವುದು ಕೋಣೆಯ ಅಳತೆ, ಬಚ್ಚಲಮನೆ, ಅಡುಗೆಮನೆ, ಸಿಬ್ಬಂದಿ, ಸೌಕರ್ಯಗಳನ್ನು. ಬುಕಿಂಗ್ ಆ್ಯಪ್‌ಗಳಲ್ಲಿ ಕಾಣುವ ನಕ್ಷತ್ರ ಬಹಳ ಸಲ ಅದೂ ಅಲ್ಲ, ಗಿರಾಕಿಗಳು ಕೊಟ್ಟ ಅಂಕಗಳ ಸರಾಸರಿ. ಎದುರಿನ ಮರಳು ಇಳಿಜಾರೋ ಸಮತಟ್ಟೋ, ನೀರಿನಲ್ಲಿ ಬಂಡೆ ಇದೆಯೋ, ಪಕ್ಕದಲ್ಲೇ ಹೊಳೆ ಸಮುದ್ರ ಸೇರುವ ಅಳಿವೆ ಇದೆಯೋ ಎಂಬುದು ಎರಡರಲ್ಲೂ ಇಲ್ಲ. 'ರೆಸಾರ್ಟ್' ಎಂಬ ಹೆಸರಂತೂ ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳಬಹುದು.

ತೀರವನ್ನೇ ಅಳೆಯುವ ಒಂದು ಮಾನದಂಡವೂ ಇದೆ. ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಸಂಸ್ಥೆಯೊಂದು ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ಇತ್ಯಾದಿ 33 ಅಂಶಗಳನ್ನು ನೋಡಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಕೊಡುತ್ತದೆ. 2020ರ ಅಕ್ಟೋಬರಿನಲ್ಲಿ ಭಾರತದ 8 ಕಡಲತೀರಗಳಿಗೆ ಅದು ಒಮ್ಮೆಗೇ ಸಿಕ್ಕಿತು. ಅವುಗಳಲ್ಲಿ ಎರಡು ನಮ್ಮವು: ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಈ ಮಾನ್ಯತೆಯನ್ನು ವರ್ಷ ವರ್ಷವೂ ಪರಿಶೀಲಿಸಿ ನವೀಕರಿಸಬೇಕು. ಹಾಗಾಗಿ ಹಳೆಯ ಸುದ್ದಿ ನಂಬದೆ ಆ ವರ್ಷ ಬಾವುಟ ಹಾರುತ್ತಿದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಬಾವುಟ ಇಲ್ಲದ ತೀರವೆಲ್ಲ ಕೆಟ್ಟದ್ದೆಂದೇನಲ್ಲ. ಗೋಕರ್ಣದ ಕುಡ್ಲೆ, ಓಂ ತೀರಗಳ ಚೆಲುವಿಗೆ ಯಾರ ಪ್ರಮಾಣಪತ್ರವೂ ಬೇಕಿಲ್ಲ. ಆದರೆ ಜೀವರಕ್ಷಕರು, ಈಜಲು ಗುರುತು ಮಾಡಿದ ಜಾಗ, ಬಟ್ಟೆ ಬದಲಿಸುವ ಕೋಣೆ ಇರುವ ತೀರದ ಪಕ್ಕದ ಸಾಧಾರಣ ವಸತಿ, ಇವೇನೂ ಇಲ್ಲದ ತೀರದ ಮೇಲಿನ ಐಷಾರಾಮಿ ವಸತಿಗಿಂತ ಹೆಚ್ಚು ಆರಾಮ ಕೊಡುತ್ತದೆ. ನೀರಿಗಿಳಿದ ಮಕ್ಕಳ ಮೇಲೆ ದಿನವಿಡೀ ಕಣ್ಣಿಟ್ಟು ಕೂತ ತಾಯಿಗೆ ಅದು ರಜೆ ಹೇಗಾದೀತು?

ಸುರಕ್ಷತೆಯ ಮಾತು ಬಯಲುಸೀಮೆಯವರಿಗೆ ತುಸು ಬಿಡಿಸಿಯೇ ಹೇಳಬೇಕು. ನಮ್ಮಲ್ಲಿ ಈಜು ಕಲಿತವರು ಕಲಿತದ್ದು ಬಾವಿಯಲ್ಲಿ, ಕಾಲುವೆಯಲ್ಲಿ, ತುಂಗಭದ್ರೆಯ ಹಿನ್ನೀರಿನಲ್ಲಿ. ಆ ನೀರಿನ ಸ್ವಭಾವ ಬೇರೆ. ಸಮುದ್ರದಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕು. ಅದು ಮರಳದಿಬ್ಬಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಒಟ್ಟಾಗಿ ಒಳಕ್ಕೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಒಡೆಯುವುದು ಕಡಿಮೆ, ಮೇಲ್ನೋಟಕ್ಕೆ ಆ ಜಾಗವೇ ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಅಲೆ ಕಡಿಮೆ ಇದೆಯೆಂದು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದತ್ತ ನೇರವಾಗಿ ಈಜಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಆ ಹರಿವಿನಿಂದ ಹೊರಬರಬಹುದು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಅಲ್ಲ, ಸಮುದ್ರ ಶಾಂತವಾಗಿರುತ್ತದೆ ಎಂದು ನಾವೆಲ್ಲ ನಂಬುವ ತಿಂಗಳು. ಆದ್ದರಿಂದ ರೆಸಾರ್ಟಿಗೆ ಫೋನ್ ಮಾಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ, ನಿಮ್ಮ ಎದುರಿನ ನೀರಿಗೆ ಜನ ಇಳಿಯುತ್ತಾರೆಯೇ, ಇಳಿದರೆ ಕಾಯುವವರು ಯಾರು ಎಂಬುದು. 'ಬೀಚ್ ಚೆನ್ನಾಗಿದೆ ಸರ್' ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ.

'ಪ್ರೈವೇಟ್ ಬೀಚ್' ಎಂಬ ಜಾಹೀರಾತಿನ ಮಾತಿಗೂ ಬೆರಗಾಗಬೇಕಿಲ್ಲ. ಉಬ್ಬರ-ಇಳಿತಗಳ ನಡುವಿನ ಮರಳು ಯಾವ ಹೋಟೆಲಿನ ಸ್ವತ್ತೂ ಅಲ್ಲ. ಮೀನುಗಾರನ ಬಲೆಗೂ ನಮ್ಮ ನಿಮ್ಮ ಕಾಲಿಗೂ ಅದರ ಮೇಲೆ ಸಮಾನ ಹಕ್ಕಿದೆ. ಖಾಸಗಿ ಎಂದರೆ ಹೆಚ್ಚೆಂದರೆ ರೆಸಾರ್ಟಿನ ಜಾಗದಿಂದ ನೇರ ದಾರಿ ಇದೆ, ಜನಸಂದಣಿ ಕಡಿಮೆ ಎಂದರ್ಥ. ಸಮುದ್ರಕ್ಕೆ ಎಷ್ಟು ಹತ್ತಿರವೋ ಅಷ್ಟು ಶ್ರೇಷ್ಠ ಎಂಬ ನಂಬಿಕೆಯೂ ಹಾಗೆಯೇ. 1991ರಿಂದ ಜಾರಿಯಲ್ಲಿರುವ ಕರಾವಳಿ ನಿಯಂತ್ರಣ ವಲಯದ ನಿಯಮ ಗ್ರಾಮೀಣ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಗಳನ್ನು ನಿರ್ಬಂಧಿಸಿತು. 2019ರ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಹಿಂದೆ ಸರಿದು ತೆಂಗು, ಗಾಳಿಮರಗಳ ನೆರಳಿನಲ್ಲಿ ಕಟ್ಟಿದ ಕೋಣೆಯನ್ನು ಕೀಳೆಂದು ಬಿಡುವುದು ಅವಿವೇಕ. ನಮ್ಮ ಕರಾವಳಿಯಲ್ಲಿ ಕಡಲಿರುವುದು ಪಡುವಣಕ್ಕೆ. ಹೆಚ್ಚು ದುಡ್ಡು ತೆತ್ತು ಪಡೆದ 'ಸೀ ವ್ಯೂ' ಕೋಣೆಯ ಗಾಜಿನ ಗೋಡೆಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ನೇರವಾಗಿ ಬಡಿಯುತ್ತದೆ. ಪರದೆ ಎಳೆದು ಏಸಿ ಹಾಕಿ ಕೂತರೆ ಆ ನೋಟಕ್ಕೆ ಕೊಟ್ಟ ಹಣ ಎಲ್ಲಿ ಹೋಯಿತು? ಉಳ್ಳಾಲ, ಮರವಂತೆಯಂಥ ಕಡೆ ಕಡಲ್ಕೊರೆತ ತಡೆಯಲು ಬಂಡೆಗಲ್ಲಿನ ಗೋಡೆ ಹಾಕಿರುವುದನ್ನೂ ಮರೆಯಬಾರದು. ಗೋಡೆ ಇದ್ದಲ್ಲಿ ಅಲೆ ಅದಕ್ಕೆ ಬಡಿದು ಎದುರಿನ ಮರಳನ್ನು ಸೆಳೆದೊಯ್ಯುತ್ತದೆ. ಉಬ್ಬರದ ಹೊತ್ತಿಗೆ ಕೂರಲು ಮರಳೇ ಇರುವುದಿಲ್ಲ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ನಿಂತು ನೋಡಲು ಅಷ್ಟು ಸೊಗಸಾದ ಜಾಗ ರಾಜ್ಯದಲ್ಲೇ ಅಪರೂಪ. ಆದರೆ ಲಾರಿಗಳ ಸದ್ದು ಕೇಳುತ್ತ ವಿಶ್ರಾಂತಿ ಎನ್ನುವುದು ಕಷ್ಟ.

ತಿಂಗಳ ವಿಷಯದಲ್ಲಿ ನಮ್ಮ ಸೀಮೆಯವರು ಮಾಡುವ ತಪ್ಪು ಒಂದೇ: ಊರಲ್ಲಿ 40 ಡಿಗ್ರಿ ಬಿಸಿಲು ಎಂದು ಮೇ ತಿಂಗಳಲ್ಲಿ ಕಡಲಿಗೆ ತಂಪು ಹುಡುಕಿಕೊಂಡು ಹೋಗುವುದು. ಕಾರವಾರದಲ್ಲಿ ಥರ್ಮಾಮೀಟರ್ 34 ತೋರಿಸಬಹುದು. ಆದರೆ ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಒಣ ಸೆಕೆಗೆ ಒಗ್ಗಿದ ಮೈಗೆ ಈ ಸೆಕೆ ಇನ್ನೂ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಇಳಿಯುತ್ತದೆ, ಆಗ ಹೋದರೇನು ಎಂದು ಕೇಳುವವರಿದ್ದಾರೆ. ಮಳೆ ನೋಡಲು ಹೋಗುವುದಾದರೆ ಧಾರಾಳವಾಗಿ ಹೋಗಲಿ. ನಮ್ಮ ಹೊಲಗಳಿಗೆ ಇಡೀ ವರ್ಷ ಬೀಳದಷ್ಟು ಮಳೆ ಅಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ಆದರೆ ಆ ದಿನಗಳಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುವುದರಿಂದ ತಾಜಾ ಮೀನೂ ವಿರಳ. ದಾರಿಯ ಅಪಾಯ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರೇ ಜೀವ ಕಳೆದುಕೊಂಡರು. ಸೋಡಿ ಬಾಡಿಗೆಯಲ್ಲಿ ಉಳಿಯುವ ಹಣಕ್ಕೆ ಇದು ತಕ್ಕ ವ್ಯಾಪಾರವಲ್ಲ.

ದೂರವೂ ಆರಾಮದ ಭಾಗವೇ. ನಮ್ಮ ಸೀಮೆಯಿಂದ ಉತ್ತರ ಕನ್ನಡದ ಕರಾವಳಿಗೆ ನೇರ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಕಾಗದದ ಮೇಲೆಯೇ ಇದೆ. ಹಡಗಲಿ ಕಡೆಯಿಂದ ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಲು ಕಾರಿನಲ್ಲಿ ಐದಾರು ತಾಸು ಬೇಕು. ಅಲ್ಲಿಂದ ಗೋಕರ್ಣ, ಹೊನ್ನಾವರ, ಮುರುಡೇಶ್ವರ ಎಲ್ಲವೂ ತಾಸು, ತಾಸೂಕಾಲಿನೊಳಗಿನ ಹಾದಿ. ಮಂಗಳೂರಿಗೆ ಹೋಗುವುದೆಂದರೆ ಕುಮಟಾದಿಂದ ಇನ್ನೂ ನಾಲ್ಕು ತಾಸು. ಗೋವಾದ ದಕ್ಷಿಣ ತೀರಗಳಲ್ಲಿ ದೊಡ್ಡ ಕಂಪನಿಗಳ ಐಷಾರಾಮಿ ಹೋಟೆಲುಗಳು ನಮ್ಮ ಕರಾವಳಿಗಿಂತ ಹೆಚ್ಚು ಎಂಬುದು ನಿಜ. ಎರಡೇ ರಾತ್ರಿಯ ರಜೆಗೆ, ಮೊಣಕಾಲು ನೋವಿನ ಹಿರಿಯರನ್ನು ಅಷ್ಟು ದೂರ ಕೂರಿಸಿಕೊಂಡು ಹೋಗುವುದು ಎಷ್ಟು ಸರಿ ಎಂಬುದನ್ನು ಮನೆಯವರೇ ತೂಗಿ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ಐಷಾರಾಮಿ ರೆಸಾರ್ಟೇ ಯಾಕೆ, ಒಳ್ಳೆ ತೀರದ ಪಕ್ಕ ಒಂದು ಹೋಂಸ್ಟೇ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೆ ಖಂಡಿತ ಸಾಕು. ಆದರೆ ಹಣ ಕೊಟ್ಟದ್ದು ಸಾರ್ಥಕವಾಗುವ ಜಾಗಗಳೂ ಇವೆ: ಮೆಟ್ಟಿಲಿಲ್ಲದ ನೆಲಮಹಡಿಯ ಕೋಣೆ, ಜಾರದ ಬಚ್ಚಲು, ಕುರ್ಚಿ ಹಾಕಿ ಕೂರಬಹುದಾದ ಅಗಲ ಜಗಲಿ, ರಾತ್ರಿ ಹೊತ್ತಲ್ಲೂ ಕರೆದರೆ ಬರುವ ವೈದ್ಯರು, ಡಿಜೆ ಇಲ್ಲದ ಸಂಜೆ. ನಮ್ಮ ಹಿರಿಯರಲ್ಲಿ ಬಹಳ ಮಂದಿ ನೀರಿಗೇ ಇಳಿಯುವುದಿಲ್ಲ, ಕೂತು ನೋಡುತ್ತಾರೆ; ಅವರಿಗೆ ತೀರದ ಸುರಕ್ಷತೆಗಿಂತ ಈ ಜಗಲಿಯೇ ದೊಡ್ಡದು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೂ ಜಗಲಿಯ ಮುಂದೆ ಏನಿದೆ ಎಂಬುದೇ ಮತ್ತೆ ಲೆಕ್ಕಕ್ಕೆ ಬರುತ್ತದೆ. ಓಂ ತೀರದ ಸ್ವಸ್ವರ, ಕಾರವಾರದ ಬಳಿ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ನಡೆಸುವ ದೇವಬಾಗ ಇವುಗಳ ಹೆಸರು ನಿಂತದ್ದು ಅವು ಕೂತ ಜಾಗದಿಂದ. ಊಟದ ಮಾತನ್ನೂ ಮೊದಲೇ ಆಡಿಕೊಳ್ಳಬೇಕು. ರೊಟ್ಟಿ ಇಲ್ಲದೆ ಎರಡು ದಿನ ಕಳೆದೀತು. ಆದರೆ ಮೀನು ಬೇಯುವ ಒಲೆಯ ಅಡುಗೆ ಮುಟ್ಟದ ಶಾಕಾಹಾರಿಗಳು ಬೇರೆ ಅಡುಗೆಮನೆ ಇದೆಯೇ ಎಂದು ಕೇಳಲು ಸಂಕೋಚಪಡಬಾರದು.

ಬಿಲ್ಲಿನಲ್ಲಿ ಒಂದು ಗೆರೆ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ಅಂದರೆ 7,500ರ ಕೋಣೆಗೆ 7,875 ಕೊಡುತ್ತೀರಿ. 8,000ದ ಕೋಣೆಗೆ 9,440. ಐನೂರು ರೂಪಾಯಿ ಹೆಚ್ಚಿನ ಬಾಡಿಗೆಗೆ 1,565 ರೂಪಾಯಿ ಕೈಬಿಡುತ್ತದೆ. ಈ ಗೆರೆಯ ಆಸುಪಾಸಿನ ಕೋಣೆ ನೋಡುತ್ತಿದ್ದರೆ ಕೆಳಗಿನದನ್ನೇ ಹಿಡಿಯಿರಿ.

ಹಾಗಾದರೆ ಹೋಗುವುದು ಯಾವಾಗ? ಶಾಲೆ ಮಕ್ಕಳಿದ್ದವರಿಗೆ ದಸರಾ ರಜೆಯ ಕೊನೆಯ ದಿನಗಳು ಅಷ್ಟಿಷ್ಟು ಅನುಕೂಲ. ಅವರಿಲ್ಲದ ಮನೆಗಳಿಗೆ ನನ್ನ ಸಲಹೆ: ಸಂಕ್ರಾಂತಿ ಮುಗಿದ ಮೇಲೆ, ಮೈಲಾರದ ಕಾರಣಿಕಕ್ಕೆ ಮುನ್ನ, ಗಣರಾಜ್ಯೋತ್ಸವದ ರಜೆಯ ಗದ್ದಲ ತಪ್ಪಿಸಿ, ಸೋಮವಾರ ಹೊರಟು ಬುಧವಾರ ಮರಳಿ. ಕುಮಟಾದಿಂದ ಆಚೀಚೆ ತಾಸಿನ ದಾರಿಯೊಳಗೆ ತೀರ ಆರಿಸಿ, ಆಮೇಲೆ ಫೋನ್ ಕೈಗೆತ್ತಿಕೊಳ್ಳಿ.