ನಾಗವಲ್ಲಿ ಪರದೆಯಿಂದ ಇಳಿದು ಬಂದಾಗ

ದೆವ್ವದ ಸಿನಿಮಾ ನೋಡಿದ ರಾತ್ರಿ ನಿಮ್ಮ ಮನೆಯಲ್ಲಿ ಏನಾಗುತ್ತದೆಂದು ಗಮನಿಸಿದ್ದೀರಾ? ಸಣ್ಣ ಮಗು ಅಮ್ಮಿಯ ದುಪಟ್ಟಾದ ತುದಿ ಹಿಡಿದೇ ನಿದ್ದೆ ಹೋಗುತ್ತದೆ. ಹೈಸ್ಕೂಲಿಗೆ ಹೋಗುವ ಹುಡುಗ ತನಗೇನೂ ಹೆದರಿಕೆಯಿಲ್ಲ ಎನ್ನುತ್ತಾನೆ. ಆದರೆ ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಅಣ್ಣನನ್ನು ಎಬ್ಬಿಸುತ್ತಾನೆ. ದೊಡ್ಡವರು ನಗುತ್ತಾರೆ, ಬಾಗಿಲ ಚಿಲಕವನ್ನು ಮಾತ್ರ ಎರಡು ಸಲ ನೋಡಿ ಬರುತ್ತಾರೆ. ಬೆಳಗಾದರೆ ಅದೇ ಮಕ್ಕಳು ಕೂದಲು ಕೆದರಿಕೊಂಡು, ಕಣ್ಣು ಅರಳಿಸಿಕೊಂಡು ನಾಗವಲ್ಲಿಯ ಆಟ ಆಡುತ್ತಿರುತ್ತಾರೆ.

ಘಟಪ್ರಭೆಯ ಸೀಮೆಯ ಮಸಗುಪ್ಪಿಯಂಥ ಊರುಗಳಲ್ಲಿ ಒಂದು ಕಾಲಕ್ಕೆ ಸಿನಿಮಾ ನೋಡಬೇಕೆಂದರೆ ಗೋಕಾಕಕ್ಕೆ ಹೋಗಬೇಕಿತ್ತು. ಆಮೇಲೆ ಬಾಡಿಗೆ ವಿಸಿಆರ್ ಬಂತು, ಬಳಿಕ ಟಿವಿ ಬಂತು. ಈಗ ಹೊದಿಕೆಯೊಳಗೆ ಮೊಬೈಲು ಇದೆ. ಹಾಗಾಗಿ ನಾವು ನೋಡುವುದಿಲ್ಲ, ನಮಗೇಕೆ ಆ ಮಾತು ಎಂದು ಯಾವ ಮನೆಯವರೂ ಹೇಳುವಂತಿಲ್ಲ. ಸಿನಿಮಾ ನೋಡಬೇಕೇ ಬೇಡವೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನೋಡಿದವರ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದಷ್ಟೇ ಇಲ್ಲಿಯ ವಿಷಯ. ಅದಕ್ಕೆ ಕನ್ನಡದಲ್ಲಿ ‘ಆಪ್ತಮಿತ್ರ’ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪಿ. ವಾಸು ನಿರ್ದೇಶಿಸಿ, ದ್ವಾರಕೀಶ್ ನಿರ್ಮಿಸಿದ ಈ ಚಿತ್ರ 2004ರ ಆಗಸ್ಟ್‌ನಲ್ಲಿ ತೆರೆಗೆ ಬಂತು. ಮೂಲ ಕಥೆ ಮಲಯಾಳಂನದು. ಫಾಝಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’ 1993ರಲ್ಲೇ ಬಂದು, ಅದರ ನಾಯಕಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತ್ತು. ಕಥೆ ನಿಮಗೆ ಗೊತ್ತೇ ಇದೆ. ಗಂಡಹೆಂಡಿರು ಹಳೆಯ ಅರಮನೆಯಂಥ ಮನೆಗೆ ಬರುತ್ತಾರೆ. ಅಲ್ಲೊಂದು ಬೀಗ ಹಾಕಿದ ಕೋಣೆ. ಹಿಂದೆ ಅಲ್ಲಿದ್ದ ರಾಜ ತೆಲುಗು ಸೀಮೆಯಿಂದ ನಾಗವಲ್ಲಿ ಎಂಬ ನರ್ತಕಿಯನ್ನು ತಂದಿರಿಸಿಕೊಂಡಿದ್ದ. ಆಕೆ ಬೇರೊಬ್ಬನನ್ನು ಪ್ರೀತಿಸುತ್ತಿದ್ದಳೆಂದು ಇಬ್ಬರನ್ನೂ ಕ್ರೂರವಾಗಿ ಕೊಂದ. ಈಗ ನಾಗವಲ್ಲಿ ಸೇಡಿಗಾಗಿ ಬಂದಿದ್ದಾಳೆ ಎಂದು ಮನೆಯವರೆಲ್ಲ ನಡುಗುತ್ತಾರೆ.

ಆದರೆ ಆ ಚಿತ್ರದಲ್ಲಿ ದೆವ್ವವೇ ಇಲ್ಲ! ವಿಷ್ಣುವರ್ಧನ್ ಮಾಡಿದ್ದು ಮನೋವೈದ್ಯನ ಪಾತ್ರ. ಮನೆಯ ಸೊಸೆ ಗಂಗೆಯ ಮನಸ್ಸಿಗೆ ಕಾಯಿಲೆಯಾಗಿದೆ, ಕೇಳಿದ ಕಥೆಯೊಳಗೆ ಹೊಕ್ಕು ಅವಳು ತನ್ನನ್ನೇ ನಾಗವಲ್ಲಿ ಎಂದುಕೊಂಡಿದ್ದಾಳೆ ಎಂದು ಆತ ಕಂಡುಹಿಡಿಯುತ್ತಾನೆ. ಮೂಲ ಮಲಯಾಳಂ ಕಥೆಯಲ್ಲಿ ಇದರ ಬೇರು ಇನ್ನೂ ಸ್ಪಷ್ಟವಾಗಿದೆ. ಬಾಲ್ಯದಲ್ಲಿ ತಂದೆತಾಯಿ ದೂರದ ಊರಿನಲ್ಲಿದ್ದು, ಗಂಗೆ ಅಜ್ಜಿಯ ಬಳಿ ಬೆಳೆದವಳು. ಆ ನೋವು ಒಳಗೇ ಉಳಿದಿತ್ತು. ಇನ್ನೊಂದು ಸಂಗತಿಯನ್ನೂ ನೋಡಿ. ಮನೆಯವರ ಅನುಮಾನ ಮೊದಲು ಹೋಗುವುದು ಗಂಗೆಯ ಮೇಲಲ್ಲ, ಮನೆಯ ಇನ್ನೊಬ್ಬ ಹುಡುಗಿಯ ಮೇಲೆ. ಬಾಯಿಲ್ಲದ ಹುಡುಗಿ ಮನೆಯಲ್ಲಿದ್ದರೆ ಅಪವಾದ ಹೊರಿಸಲು ಹೆಚ್ಚು ಹುಡುಕಬೇಕಾಗಿಲ್ಲ ಎಂಬುದು ನಮಗೆ ಹೊಸತೇ?

ಇಷ್ಟೆಲ್ಲ ಹೇಳಿದರೂ ನೋಡಿದವರು ಮನೆಗೆ ತಂದದ್ದು ಮನೋವೈದ್ಯನನ್ನಲ್ಲ, ನಾಗವಲ್ಲಿಯನ್ನು. ಯಾರನ್ನಾದರೂ ಕೇಳಿ ನೋಡಿ. ‘ಅದು ನಾಗವಲ್ಲಿ ದೆವ್ವದ ಸಿನಿಮಾ’ ಎನ್ನುತ್ತಾರೆ. ಗಂಗೆಯ ಕಾಯಿಲೆಯ ಹೆಸರು ನೂರರಲ್ಲಿ ಒಬ್ಬರಿಗೂ ನೆನಪಿರುವುದಿಲ್ಲ. ತಪ್ಪು ಪ್ರೇಕ್ಷಕರದು ಮಾತ್ರವೂ ಅಲ್ಲ. ಅರ್ಧ ಚಿತ್ರದವರೆಗೆ ಹೆದರಿಸಿ, ಗೆಜ್ಜೆಯ ಸದ್ದು ಕೇಳಿಸಿ, ಮನೆಯೊಳಗೆ ಭಾರೀ ಹಾವನ್ನು ಹರಿಯಬಿಟ್ಟು, ಕೊನೆಗೆ ಮನೋವೈದ್ಯ ಮತ್ತು ಮಂತ್ರವಾದಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ, ನೋಡುವವರು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಹೆದರಿಕೆ ಕಣ್ಣು ಕಿವಿಗಳಿಂದ ನೇರ ಒಳಗಿಳಿಯುತ್ತದೆ. ವೈದ್ಯನ ವಿವರಣೆ ಬುದ್ಧಿಯ ಬಾಗಿಲಲ್ಲಿ ಕಾಯಬೇಕು.

ನಂತರ ನಡೆದದ್ದು ಚಿತ್ರಕ್ಕಿಂತಲೂ ವಿಚಿತ್ರ. ಗಂಗೆಯ ಪಾತ್ರ ಮಾಡಿದ್ದ ಸೌಂದರ್ಯ, ಚಿತ್ರ ಬಿಡುಗಡೆಯಾಗುವ ಮೊದಲೇ, 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ಚುನಾವಣಾ ಪ್ರಚಾರಕ್ಕೆ ಹೊರಟ ಸಣ್ಣ ವಿಮಾನ ಅದು. ಅವರ ಅಣ್ಣನೂ ಅದರಲ್ಲಿದ್ದು ಮಡಿದರು. ಐದು ವರ್ಷಗಳ ಬಳಿಕ ಇದರ ಮುಂದುವರಿಕೆ ‘ಆಪ್ತರಕ್ಷಕ’ ಸಿದ್ಧವಾಯಿತು. ಅದರಲ್ಲಿ ನಾಗವಲ್ಲಿಯ ಚಿತ್ರಪಟ ಹೋದ ಮನೆಯಲ್ಲೆಲ್ಲ ಅನಾಹುತ. ಅದು ತೆರೆ ಕಾಣುವ ಮೊದಲೇ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 59. 2010ರ ಫೆಬ್ರವರಿಯಲ್ಲಿ ಚಿತ್ರ ಬಂದಾಗ ಜನ ಕಣ್ಣೀರು ಒರೆಸಿಕೊಳ್ಳುತ್ತಲೇ ಮಾತಾಡತೊಡಗಿದರು: ಇಬ್ಬರನ್ನೂ ನಾಗವಲ್ಲಿ ಬಲಿ ತೆಗೆದುಕೊಂಡಳು. ಈ ಮಾತು ಚಹದಂಗಡಿಗೆ ನಿಲ್ಲಲಿಲ್ಲ. ಪತ್ರಿಕೆ ಹತ್ತಿತು, ಟಿವಿ ಹತ್ತಿತು, ನಮ್ಮ ಅಡುಗೆಮನೆಗೂ ಬಂತು. ಇಂದಿಗೂ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ: “ಆ ಪಿಚ್ಚರ್ ಮಾಡಿದವರು ಸಾಯ್ತಾರಂತ, ಖರೇ ಏನ್ರೀ?”

ಇಂಥ ಪ್ರಶ್ನೆಗೆ ಗದರಿಸಿ ಸುಮ್ಮನಾಗಿಸುವುದು ಸುಲಭ. ಲೆಕ್ಕ ಹೇಳಿದರೆ ಮಕ್ಕಳೇ ಬಿಡಿಸುತ್ತಾರೆ. ಅದೇ ನಾಗವಲ್ಲಿ ಮಲಯಾಳಂನಲ್ಲಿದ್ದಳು. ಆ ಚಿತ್ರದ ಶೋಭನಾ ಇದ್ದಾರೆ, ಮೋಹನ್‌ಲಾಲ್ ಇದ್ದಾರೆ. 2025ರಲ್ಲಿ ಅವರು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನೂ ಪಡೆದರು. 2005ರಲ್ಲಿ ತಮಿಳಿನಲ್ಲಿ ಚಂದ್ರಮುಖಿಯಾಗಿ ಬಂದಳು. ರಜನೀಕಾಂತ್, ಜ್ಯೋತಿಕಾ ಇಬ್ಬರೂ ಆ ಬಳಿಕ ಎಷ್ಟೋ ಚಿತ್ರ ಮಾಡಿದರು. 2007ರಲ್ಲಿ ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ ಮಂಜುಲಿಕಾ ಆದಳು, ಅದರ ವಿದ್ಯಾ ಬಾಲನ್ 2024ರಲ್ಲಿ ಅದೇ ಸರಣಿಯ ಮೂರನೇ ಚಿತ್ರದಲ್ಲೂ ನಟಿಸಿದರು. ನಿರ್ದೇಶಕ ಪಿ. ವಾಸು ಈ ಕಥೆಯನ್ನು ಕನ್ನಡ, ತಮಿಳು, ತೆಲುಗು ಎಂದು ತಿರುತಿರುಗಿ ಮಾಡಿ 2023ರಲ್ಲೂ ‘ಚಂದ್ರಮುಖಿ 2’ ತೆಗೆದರು. ನಿರ್ಮಾಪಕ ದ್ವಾರಕೀಶ್ 2024ರಲ್ಲಿ, ಎಂಬತ್ತು ದಾಟಿದ ಮೇಲೆ ತೀರಿಕೊಂಡರು. ಸೇಡಿನ ದೆವ್ವ ಕರ್ನಾಟಕದವರನ್ನೇ ಹುಡುಕಿ ಹಿಡಿಯಿತೇ? ಸತ್ತವರಿಬ್ಬರನ್ನು ಎಣಿಸಿ ಬದುಕಿರುವವರನ್ನು ಬಿಟ್ಟುಬಿಟ್ಟದ್ದೇ ಈ ವದಂತಿಯ ಗುಟ್ಟು.

ಮದ್ರಸಾದ ಮೆಟ್ಟಿಲು ಹತ್ತಿದ ಮಕ್ಕಳಿಗೆ ಮತ್ತೊಂದು ಪ್ರಸಂಗವನ್ನೂ ನೆನಪಿಸಬಹುದು. ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಆ ಮಗುವಿನ ಸಾವಿಗಾಗಿಯೇ ಸೂರ್ಯ ಕಪ್ಪಿಟ್ಟಿತೆಂದು ಜನ ಆಡಿಕೊಂಡರು. ಸ್ವಂತ ಮಗನನ್ನು ಕಳೆದುಕೊಂಡ ತಂದೆಗೆ ಆ ಮಾತು ಸಮಾಧಾನವನ್ನೇ ಕೊಡುತ್ತಿತ್ತು, ಗೌರವವನ್ನೂ ತರುತ್ತಿತ್ತು. ಆದರೆ ಅವರು ಅದನ್ನು ಒಪ್ಪಲಿಲ್ಲ. ಯಾರ ಸಾವಿಗಾಗಿಯೂ ಯಾರ ಹುಟ್ಟಿಗಾಗಿಯೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲವೆಂದು ಅಲ್ಲೇ ತಿದ್ದಿದರು. ಎರಡು ಸಂಗತಿಗಳು ಒಟ್ಟಿಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂಬ ಪಾಠ ಅದರಲ್ಲಿದೆ.

ಈಗ ಇನ್ನೊಂದು ವಿಷಯ. ನಾಗವಲ್ಲಿಯ ಕಥೆಯನ್ನು ಗಂಡಸರಿಗಿಂತ ಹೆಂಗಸರೇ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡರು. ಹೆದರಿದರೂ ಮತ್ತೆ ಮತ್ತೆ ನೋಡಿದರು. ಯಾಕೆ? ಮಂಚವನ್ನು ಒಂದೇ ಕೈಯಲ್ಲಿ ಎತ್ತಿ ಗಂಡನ ಕಡೆ ಕೆಂಗಣ್ಣು ಬಿಡುವ ಆ ದೃಶ್ಯದಲ್ಲಿ ಭಯದ ಜೊತೆಗೆ ಏನೋ ಒಂದು ತೃಪ್ತಿಯೂ ಇದೆಯೆಂದು ನನಗನಿಸುತ್ತದೆ. ಬದುಕಿದ್ದಾಗ ನಾಗವಲ್ಲಿಯನ್ನು ಯಾರೂ ಕೇಳಲಿಲ್ಲ. ತಂದರು, ಇಟ್ಟುಕೊಂಡರು, ಕೊಂದರು. ಸತ್ತ ಮೇಲೆ ಮಾತ್ರ ಅವಳ ಮಾತಿಗೆ ಇಡೀ ಮನೆ ನಡುಗಿತು. ನಮ್ಮ ಸೇಡಿನ ದೆವ್ವಗಳಲ್ಲಿ ಬಹುಪಾಲು ಹೆಣ್ಣೇ ಏಕೆ ಎಂಬುದಕ್ಕೆ ಉತ್ತರ ಇಲ್ಲೇ ಎಲ್ಲೋ ಇದೆ. 1990ರ ದಶಕದಲ್ಲಿ ಕರ್ನಾಟಕದ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮಗೆ ನೆನಪಿರಬಹುದು. ರಾತ್ರಿ ಬಾಗಿಲು ಬಡಿಯುವವಳೂ ಹೆಣ್ಣೇ ಆಗಿದ್ದಳು. 2018ರ ಹಿಂದಿ ಚಿತ್ರ ‘ಸ್ತ್ರೀ’ ಅದೇ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು ದೇಶವನ್ನೆಲ್ಲ ನಗಿಸಿ ಹೆದರಿಸಿತು.

ಪರದೆಯ ಮೇಲಿನ ಈ ಸಂಗತಿ ಮನೆಯೊಳಗೂ ನಡೆಯುತ್ತದೆ. ಮದುವೆಯಾಗಿ ಬಂದ ಹುಡುಗಿ ನಾಲ್ಕಾರು ತಿಂಗಳಲ್ಲಿ ಸೊರಗುತ್ತಾಳೆ. ನಿದ್ದೆಯಿಲ್ಲ, ಊಟವಿಲ್ಲ. ಒಂದು ದಿನ ಹಲ್ಲು ಕಚ್ಚಿ ಬೀಳುತ್ತಾಳೆ, ಅಥವಾ ಬೇರೆ ದನಿಯಲ್ಲಿ ಅತ್ತೆಯನ್ನು ಬೈಯುತ್ತಾಳೆ. ಆ ಬೈಗುಳವನ್ನು ಸ್ವಂತ ದನಿಯಲ್ಲಿ ಹೇಳಿದ್ದರೆ ತವರಿಗೆ ಕಳಿಸುತ್ತಿದ್ದರು. ಜಿನ್ ಹೇಳಿದರೆ ಎಲ್ಲರೂ ಕೈಕಟ್ಟಿ ಕೇಳುತ್ತಾರೆ! ಅವಳು ನಾಟಕವಾಡುತ್ತಾಳೆಂದು ಇದರ ಅರ್ಥವಲ್ಲ. ಗಂಗೆಯೂ ನಾಟಕವಾಡಲಿಲ್ಲ. ಆದರೆ ಮನೆಯವರು ಮೊದಲು ಓಡುವುದು ಆಮಿಲನ ಬಳಿಗೆ. ‘ಅಸರ್ ಆಗಿದೆ’ ಎಂದು ಆತ ಹೇಳುತ್ತಾನೆ. ತಾವೀಝ್ ಬರುತ್ತದೆ, ಮೆಣಸಿನಕಾಯಿಯ ಹೊಗೆ ಬರುತ್ತದೆ, ಕೆಲವೆಡೆ ಏಟೂ ಬೀಳುತ್ತದೆ. ಮೂರ್ಛೆರೋಗವೋ ಖಿನ್ನತೆಯೋ ಹೆರಿಗೆಯ ನಂತರ ಬರುವ ಮನೋರೋಗವೋ ಎಂದು ನೋಡುವವರಿರುವುದಿಲ್ಲ. ಜಿನ್‌ಗಳಿವೆಯೆಂಬುದು ನಮ್ಮ ನಂಬಿಕೆ. ಅದನ್ನೇ ಹಿಡಿದು ಪ್ರತಿಯೊಂದು ತಲೆನೋವಿಗೂ ಜಿನ್ನನ್ನು ಹೊಣೆ ಮಾಡುವುದು ಬೇರೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಏರ್ವಾಡಿ ತೋರಿಸಿತು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾದ ಸುತ್ತ, ವಾಸಿಯಾಗಲಿ ಎಂದು ಮನೋರೋಗಿಗಳನ್ನು ತಂದು ಬಿಡುವ ಖಾಸಗಿ ಮನೆಗಳಿದ್ದವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಕಡೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. 28 ಮಂದಿ ಸುಟ್ಟು ಸತ್ತರು. ಅವರೆಲ್ಲ ಯಾರದೋ ಮಗಳು, ಯಾರದೋ ಅಣ್ಣ. ಹೆತ್ತವರೇ ಆಸೆಯಿಂದ ತಂದು ಬಿಟ್ಟವರು. ಯಾವ ದೆವ್ವದ ಸಿನಿಮಾದಲ್ಲೂ ಇಷ್ಟು ಭೀಕರ ದೃಶ್ಯವಿಲ್ಲ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗಳಿಗೆ ಸರಪಳಿ ಹಾಕುವುದನ್ನೇ ನಿಷೇಧಿಸಿತು. ಕರ್ನಾಟಕದಲ್ಲಿ 2020ರಿಂದ ಜಾರಿಯಲ್ಲಿರುವ ಮೌಢ್ಯ ನಿಷೇಧ ಕಾಯಿದೆಯ ಪ್ರಕಾರ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ.

ಮನೋರೋಗಕ್ಕೆ ಔಷಧ ಮಾಡುವುದು ಹೊರಗಿನಿಂದ ಬಂದ ಪದ್ಧತಿ ಎಂದು ಕೆಲವರು ಮೂಗು ಮುರಿಯುವುದುಂಟು. ಒಂಬತ್ತು-ಹತ್ತನೇ ಶತಮಾನದಲ್ಲಿ ಬದುಕಿದ್ದ ಅಬೂ ಝೈದ್ ಅಲ್ ಬಲ್ಖೀ, ದೇಹದ ಆರೋಗ್ಯದ ಜೊತೆಗೇ ಮನಸ್ಸಿನ ಆರೋಗ್ಯದ ಬಗ್ಗೆ ಗ್ರಂಥ ಬರೆದಿದ್ದರು. ಭಯ, ಸಿಟ್ಟು, ದುಃಖ, ವಸ್‌ವಾಸ್ ಇವುಗಳಿಗೆ ಅದರಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ. ಕೈರೋದಲ್ಲಿ 1284ರಲ್ಲಿ ಕಟ್ಟಿದ ಕಲಾವೂನ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ನಮ್ಮವರೇ ನಡೆದ ದಾರಿ ಅದು. ದುಆ ಓದಿ ಮಗಳ ತಲೆ ನೇವರಿಸಿ, ಮರುದಿನ ವೈದ್ಯರ ಬಳಿ ಕರೆದೊಯ್ದರೆ ಎರಡಕ್ಕೂ ಜಗಳವಿಲ್ಲ. ಹಾಗೆಯೇ, ಸಿನಿಮಾದಲ್ಲಿ ಗೊಂಬೆಯೊಂದನ್ನು ರಾಜನೆಂದು ನಂಬಿಸಿ, ಸೇಡು ತೀರಿತೆಂಬ ಭ್ರಮೆ ಹುಟ್ಟಿಸಿ ಒಂದೇ ರಾತ್ರಿ ಗುಣಪಡಿಸುತ್ತಾರಲ್ಲ, ಅದನ್ನು ಚಿಕಿತ್ಸೆಯೆಂದು ನಂಬಬೇಡಿ. ನಿಜವಾದ ಚಿಕಿತ್ಸೆಯಲ್ಲಿ ಮಾತು, ಔಷಧ, ಮನೆಯವರ ತಾಳ್ಮೆ ಎಲ್ಲ ಬೇಕು, ತಿಂಗಳುಗಟ್ಟಲೆ ಬೇಕು.

ಮಕ್ಕಳ ಮಾತಿಗೆ ಮತ್ತೆ ಬರೋಣ. ಭಯದ ದೃಶ್ಯ ನೋಡಿದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ದೇಹದ ಸಹಜ ಗುಣ. ಅಪಾಯವಿಲ್ಲವೆಂದು ದೊಡ್ಡವರಿಗೆ ಗೊತ್ತಿರುತ್ತದೆ, ಅದಕ್ಕೇ ನಗಲು ಸಾಧ್ಯ. ಐದಾರು ವರ್ಷದ ಮಗುವಿಗೆ ಪರದೆ ಯಾವುದು, ಮನೆ ಯಾವುದು ಎಂಬ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ದೊಡ್ಡವರಿಗೂ ಒಮ್ಮೊಮ್ಮೆ ಅದು ಅಳಿಸಿಹೋಗುತ್ತದೆ ಎನ್ನಿ. 2022ರಲ್ಲಿ ‘ಕಾಂತಾರ’ ಬಂದಾಗ ಚಿತ್ರಮಂದಿರಗಳಲ್ಲಿ ಕೆಲವರು ಮೈಮೇಲೆ ಬಂದವರಂತೆ ಕೂಗಾಡಿದರು. 2025ರ ಅಕ್ಟೋಬರ್‌ನಲ್ಲಿ ಅದರ ಹಿಂದಿನ ಕಥೆಯ ಚಿತ್ರ ಬಂದಾಗ ದೈವದ ವೇಷ ಹಾಕಿ ಬಂದವರೂ ಇದ್ದರು. ಕೊನೆಗೆ ಚಿತ್ರ ತಯಾರಿಸಿದವರೇ ಹಾಗೆ ಅನುಕರಣೆ ಮಾಡಬೇಡಿ, ಅದು ತುಳುನಾಡಿನವರ ಶ್ರದ್ಧೆಗೆ ನೋವು ತರುತ್ತದೆ ಎಂದು ಕೇಳಿಕೊಳ್ಳಬೇಕಾಯಿತು. ಬೇರೆಯವರ ಭಕ್ತಿಯ ವಿಷಯ ಆಟದ ವಸ್ತುವಾಗಬಾರದೆಂಬ ಆ ಮಾತು ನಮ್ಮ ಮಕ್ಕಳ ಕಿವಿಗೂ ಬೀಳಲಿ.

2023ರ ತಿದ್ದುಪಡಿಯ ನಂತರ ಯುಎ ಪ್ರಮಾಣಪತ್ರವನ್ನು 7, 13, 16 ವರ್ಷ ಎಂದು ಮೂರು ಭಾಗ ಮಾಡಿದ್ದಾರೆ. ಚಿತ್ರದ ಆರಂಭದಲ್ಲೇ ಅದು ಕಾಣುತ್ತದೆ. ಆದರೆ ಅದನ್ನು ಓದಿ ಮೊಬೈಲು ತೆಗೆದಿಡುವವರು ಸೆನ್ಸಾರ್ ಮಂಡಳಿಯವರಲ್ಲ, ನೀವೇ. ಕಂಡು ಹೆದರಿದ ಮಗುವಿಗೆ ‘ಗಂಡುಮಗ ಹೆದರುತ್ತಾನೇನು’ ಎಂದು ಹಂಗಿಸಬೇಡಿ. ಊಟ ಮಾಡದಿದ್ದರೆ ನಾಗವಲ್ಲಿಗೆ ಹಿಡಿದುಕೊಡುತ್ತೇನೆ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಸೌಂದರ್ಯ ಎಂಬ ನಟಿ ಬಣ್ಣ ಹಚ್ಚಿಕೊಂಡು, ಕ್ಯಾಮೆರಾ ಮುಂದೆ ಆ ಪಾತ್ರ ಮಾಡಿದರು ಎಂದು ಹೇಳಿ. ಕೆಂಪು ಕಣ್ಣು ಹೇಗೆ ಮಾಡುತ್ತಾರೆಂದು ತಿಳಿದರೆ ಹೆದರಿಕೆಯ ಅರ್ಧ ಅಲ್ಲೇ ಇಳಿಯುತ್ತದೆ.

ಮನೆಯಲ್ಲಿ ಗಂಗೆಯಂಥವರಿದ್ದರೆ ದಾರಿ ದೂರವೇನೂ ಇಲ್ಲ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ನೋಡಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ಬೆಳಗಾವಿ ಸೀಮೆಯವರಿಗೆ ಧಾರವಾಡದಲ್ಲಿ ಸರಕಾರದ ಡಿಮ್ಹಾನ್ಸ್ ಆಸ್ಪತ್ರೆಯಿದೆ. ಅಲ್ಲಿಗೆ ಹೋಗಲು ಮನೆಯ ಗಂಡಸರು ಒಪ್ಪದಿದ್ದರೆ, 2022ರಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಉಚಿತ ಫೋನ್ ಸೇವೆಯಿದೆ. ನಂಬರು 14416. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಈ ನಂಬರನ್ನು ಬರೆದಿಡಿ.