ಕಬ್ಬಿಣದ ಶೆಡ್ಡಿಗೂ ಹಸಿರು ವೈರು ಬೇಕೆ?

ಅಡಿಕೆ ಸುಲಿಯುವ ಯಂತ್ರ ಇಟ್ಟಿರುವ ಓದುಗರೊಬ್ಬರು ಕೇಳಿದ್ದಾರೆ: "ಶೆಡ್ಡು ಪೂರ್ತಿ ಕಬ್ಬಿಣದ್ದು. ಮೋಟಾರನ್ನು ಅದಕ್ಕೇ ಬೋಲ್ಟ್ ಹಾಕಿ ಬಿಗಿದಿದ್ದೇವೆ. ಕಂಬಗಳೆಲ್ಲ ನೆಲದೊಳಗಿವೆ. ಮತ್ತೆ ಅರ್ತ್ ವೈರು ಯಾಕೆ ಸ್ವಾಮಿ?"

ಕರೆಂಟನ್ನು ಭೂಮಿ ನುಂಗಿಬಿಡುತ್ತದೆ ಎಂಬ ಹಳೆಯ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಭೂಮಿ ಏನನ್ನೂ ನುಂಗುವುದಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ಹೊರಟ ಕರೆಂಟು ಅದರ ನ್ಯೂಟ್ರಲ್ಲಿಗೇ ಮರಳಬೇಕು. ಮಣ್ಣು ಆ ಮರಳುವ ದಾರಿಗಳಲ್ಲೊಂದು, ಅಷ್ಟೇ. 1838ರಲ್ಲಿ ಜರ್ಮನಿಯ ಕಾರ್ಲ್ ಆಗಸ್ಟ್ ಸ್ಟೈನ್‌ಹೈಲ್ ನ್ಯೂರೆಂಬರ್ಗ್-ಫ್ಯೂರ್ತ್ ರೈಲುಮಾರ್ಗದ ಹಳಿಗಳನ್ನೇ ಟೆಲಿಗ್ರಾಫ್ ತಂತಿಯಾಗಿಸಲು ಹೊರಟಿದ್ದರು. ಕರೆಂಟು ಒಂದು ಹಳಿಯಿಂದ ಇನ್ನೊಂದಕ್ಕೆ ನೆಲದ ಮೂಲಕ ಸೋರಿಹೋಗಿ ಪ್ರಯೋಗ ಕೆಟ್ಟಿತು. ಆದರೆ ಆ ಸೋಲಿನಿಂದಲೇ ಅವರಿಗೆ ಹೊಳೆದದ್ದು, ಮರಳುವ ತಂತಿಯ ಬದಲು ನೆಲವನ್ನೇ ಬಳಸಬಹುದೆಂದು. ಟೆಲಿಗ್ರಾಫಿಗೆ ಅಷ್ಟು ಸಾಕಿತ್ತು, ಅದರ ಕರೆಂಟು ತೀರಾ ಅಲ್ಪ. ನಮ್ಮ ಮೋಟಾರಿನ ಕಥೆ ಬೇರೆ.

ಮೋಟಾರಿನೊಳಗೆ ವೈಂಡಿಂಗ್ ಸುಟ್ಟು ಫೇಸ್ ಅದರ ಮೈಗೆ ತಾಗಿತೆನ್ನಿ. ಶೆಡ್ಡಿನ ಕಂಬಗಳಿಗೂ ಮಣ್ಣಿಗೂ ನಡುವಿನ ರೋಧ 5 ಓಮ್, ಟ್ರಾನ್ಸ್‌ಫಾರ್ಮರ್ ಬಳಿ ಇನ್ನೊಂದು ಓಮ್ ಎಂದಿಟ್ಟುಕೊಳ್ಳೋಣ. ಇದೇನೂ ಕೆಟ್ಟ ಅರ್ತಲ್ಲ. 230 ವೋಲ್ಟನ್ನು 6ರಿಂದ ಭಾಗಿಸಿದರೆ ಹರಿಯುವುದು 38 ಆಂಪಿಯರ್. 32 ಆಂಪಿಯರಿನ ಎಂಸಿಬಿ ಇಷ್ಟಕ್ಕೆ ಒಂದು ಗಂಟೆ ಕಳೆದರೂ ಬೀಳದಿರಬಹುದು. ಸಿ ವರ್ಗದ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 160ರಿಂದ 320 ಆಂಪಿಯರ್ ಹರಿಯಬೇಕು. ಅಲ್ಲಿಯವರೆಗೆ ಇಡೀ ಶೆಡ್ಡು ಸುಮಾರು 190 ವೋಲ್ಟ್ ಹೊತ್ತು ನಿಂತಿರುತ್ತದೆ. ಉಪ್ಪು, ಇದ್ದಿಲು ಸುರಿದು, ಬೇಸಿಗೆಯಲ್ಲಿ ನೀರು ಹೊಯ್ದು ಅರ್ತ್ ಗುಂಡಿಯನ್ನು ಸಾಕುವವರು ಈ ಲೆಕ್ಕ ಹಾಕುವುದೇ ಇಲ್ಲ. ಅದೇ ಮೋಟಾರಿನ ಮೈಯಿಂದ ನ್ಯೂಟ್ರಲ್ ಮೂಲದವರೆಗೆ ಲೋಹದ ದಾರಿಯಿದ್ದು, ಒಟ್ಟು ರೋಧ ಅರ್ಧ ಓಮ್ ಆದರೆ 460 ಆಂಪಿಯರ್ ನುಗ್ಗುತ್ತದೆ. ಎಂಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದಿರುತ್ತದೆ.

ಹಾಗಾದರೆ ಶೆಡ್ಡಿನ ಕಬ್ಬಿಣವನ್ನೇ ಆ ವೈರಾಗಿ ಬಳಸಬಾರದೇ? ಬೋಲ್ಟಿನ ಕೆಳಗೆ ಪೇಂಟಿದೆ, ತುಕ್ಕಿದೆ. ಇಂದು ತಾಗಿದ್ದು ಮುಂದಿನ ಮಳೆಗಾಲಕ್ಕೆ ತಾಗದಿರಬಹುದು. ಎಸಿ ಕರೆಂಟಿಗೆ ಇನ್ನೊಂದು ತಕರಾರೂ ಇದೆ: ಹೋಗುವ ವೈರಿಗೂ ಬರುವ ದಾರಿಗೂ ಅಂತರ ಹೆಚ್ಚಿದಷ್ಟೂ ಕಾಂತೀಯ ಅಡ್ಡಿ ಹೆಚ್ಚುತ್ತದೆ. ಅರ್ತ್ ವೈರು ಫೇಸಿನ ಪಕ್ಕದಲ್ಲೇ, ಅದೇ ಪೈಪಿನೊಳಗೆ ಬರಬೇಕೆನ್ನುವುದು ಇದಕ್ಕೇ. ಅಮೆರಿಕದ ವಿದ್ಯುತ್ ಸಂಹಿತೆಯಂತೂ ಕಟ್ಟಡದ ಉಕ್ಕಿನ ಚೌಕಟ್ಟನ್ನು ಯಂತ್ರದ ಅರ್ತ್ ವೈರಾಗಿ ಬಳಸಕೂಡದೆಂದು ನೇರವಾಗಿಯೇ ಹೇಳುತ್ತದೆ.

ಆದರೂ ಶೆಡ್ಡಿನ ಕಬ್ಬಿಣವನ್ನು ಅರ್ತ್ ವೈರಿಗೆ ಸೇರಿಸಲೇಬೇಕು. ಒಂದು ಕಾಲು ಹರಿಗೋಲಿನಲ್ಲಿ, ಇನ್ನೊಂದು ದಡದಲ್ಲಿ ಇಟ್ಟವನಿಗಷ್ಟೇ ಅಪಾಯ; ಎರಡೂ ಕಾಲು ಒಳಗಿದ್ದರೆ ಹರಿಗೋಲು ಏರಿದರೂ ಇಳಿದರೂ ಅವನೂ ಜತೆಗೇ ಏರಿಳಿಯುತ್ತಾನೆ. ಮೋಟಾರು, ಕಂಬ, ಸ್ಟಾರ್ಟರ್ ಪೆಟ್ಟಿಗೆಗಳನ್ನು ಒಂದಕ್ಕೊಂದು ಬೆಸೆಯುವ ಬಾಂಡಿಂಗ್ ಮಾಡುವುದು ಇದನ್ನೇ. ಒಂದು ಕೈ ಮೋಟಾರಿನ ಮೇಲೆ, ಇನ್ನೊಂದು ಕಂಬದ ಮೇಲಿದ್ದರೂ ನಡುವೆ ವೋಲ್ಟ್ ವ್ಯತ್ಯಾಸ ಹೆಚ್ಚಿರುವುದಿಲ್ಲ. ಜೋಡಿಸುವಲ್ಲಿ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ. ಶೆಡ್ಡಿನ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೆ, ಅದರ ಅಲ್ಯೂಮಿನಿಯಂ ಚೌಕಟ್ಟಿನ ಹೊಳಪಿನ ಪದರವೂ ವಿದ್ಯುತ್ ನಿರೋಧಕವೇ. ಅದನ್ನೂ ಕಚ್ಚಿ ಹಿಡಿಯುವ ವಾಷರ್ ಬೇಕು. ಪೆಟ್ಟಿಗೆಯ ಬಾಗಿಲಿನ ಕೀಲನ್ನು ನಂಬಬೇಡಿ, ಅಲ್ಲಿಗೊಂದು ಮೆದು ವೈರು ಕೊಡಿ.

ಹಳ್ಳಿಗಳ ಕಡೆ ವಿದ್ಯುತ್ ಕಂಬದಿಂದ ಅರ್ತ್ ವೈರೇ ಬರುವುದಿಲ್ಲ, ಇರುವುದು ಗುಂಡಿಯೊಂದೇ. ಅಂಥಲ್ಲಿ ಆರ್‌ಸಿಸಿಬಿ ಬೇಕೇ ಬೇಕು. ಹೋದ ಕರೆಂಟಿಗೂ ಮರಳಿದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಸಾಕು, ಅದು ಕಡಿದುಬಿಡುತ್ತದೆ. ಆಗ 5 ಓಮಿನ ಗುಂಡಿಯೂ ಧಾರಾಳ. ನ್ಯೂಟ್ರಲ್ಲನ್ನು ಮಾತ್ರ ನೀವಾಗಿಯೇ ಶೆಡ್ಡಿಗೆ ಜೋಡಿಸಬೇಡಿ. ಹೊರಗೆಲ್ಲೋ ಆ ತಂತಿ ಕಡಿದರೆ ಪೂರ್ತಿ ಶೆಡ್ಡಿಗೆ ಕರೆಂಟು ಬರುತ್ತದೆ. ಆರ್‌ಸಿಸಿಬಿ ಈಗಾಗಲೇ ಇದ್ದರೆ ಅದರ ಟೆಸ್ಟ್ ಗುಂಡಿಯನ್ನು ಇವತ್ತೇ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.