ಬುಟ್ಟಿಯ ಮೇಲೆ ಬರೆದ ಬೆಳೆ

ಚಿತ್ರಕಲೆಯೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು, ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ ಪಟ. ಅದರಲ್ಲಿ ಬೆಟ್ಟವಿರಬಹುದು, ಹೊಳೆಯಿರಬಹುದು. ಆದರೆ ಅದನ್ನು ನೋಡಿ ಮೆಚ್ಚುವವನು ತನ್ನ ಹಿತ್ತಲಿನ ಗಿಡದ ಹೆಸರನ್ನೇ ಅರಿಯದಿರಬಹುದು. ಮನುಷ್ಯನನ್ನು ಮನೆಯಿಂದ ಹೊಲಕ್ಕೆ ಕರೆದೊಯ್ಯುವ ಚಿತ್ರವೊಂದು ನಮ್ಮ ಮಲೆನಾಡಿನಲ್ಲಿರುವುದು. ಅದರ ವಿಚಾರವನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರುವುದು.

ಶಿವಮೊಗ್ಗ ಜಿಲ್ಲೆಯ ಸಾಗರದ ಸೀಮೆಯಲ್ಲಿ ದೀವರ ಮನೆಗಳ ಹೆಂಗಸರು ಮದುವೆಯ ಕಾಲದಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯುವರು. ಅವರ ಕೈಗಳೇ ಆಶ್ವಯುಜ ಮಾಸದಲ್ಲಿ ಬುಟ್ಟಿಯೊಂದನ್ನು ಸಿಂಗರಿಸುವುವು. ಇದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ಮಹಾನವಮಿಯ ಹೊತ್ತಿಗೆ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿಯ ಎಳೆಗಳಿಂದ ಭತ್ತದ ಸಸಿ, ಅಡಕೆಯ ಮರ, ಎತ್ತು, ಬಂಡಿ ಮುಂತಾದುವನ್ನು ಬಿಡಿಸುವರು.

ಬಣ್ಣಗಳಿಗಾಗಿ ಇವರು ಅಂಗಡಿಯ ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ನೆನೆಸಿದ ಅಕ್ಕಿಯನ್ನು ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆದರೆ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಕಾಡಿನ ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಯಾವ ದಿಬ್ಬದ ಮಣ್ಣು ನುಣುಪು, ಕಾಯಿ ಯಾವ ತಿಂಗಳಲ್ಲಿ ದೊರೆಯುವುದು, ನಾರನ್ನು ಹೇಗೆ ಹದಮಾಡಬೇಕು—ಇದನ್ನೆಲ್ಲ ಅರಿಯದವಳು ಒಂದು ಎಳೆಯನ್ನೂ ಎಳೆಯಲಾರಳು. ತಾಯಿಯೊಡನೆ ಮಣ್ಣು ತರಲು ಹೋದ ಮಗಳಿಗೆ ಚಿತ್ರದ ಪಾಠವೂ ಕಾಡಿನ ಪಾಠವೂ ಒಂದೇ ಆಗಿದ್ದುವು.

ಇನ್ನು ಈ ಬುಟ್ಟಿಯ ಉದ್ದೇಶವಾದರೂ ಏನು? ಆ ಹುಣ್ಣಿಮೆಗೆ ಭೂಮಿ ಹುಣ್ಣಿಮೆಯೆಂದು ಹೆಸರು. ಪೈರು ಆಗ ಹೊಡೆಯೊಡೆಯುವ ಕಾಲ. ಒಕ್ಕಲು ಮಕ್ಕಳು ಭೂಮಿಯನ್ನು ಗರ್ಭಿಣಿಯೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುವರು. ರಾತ್ರಿಯೆಲ್ಲ ಬೇಯಿಸಿದ ಅಡಿಗೆಯನ್ನು, ಹಲವು ಬಗೆಯ ಸೊಪ್ಪುಗಳ ಬೆರಕೆಯೊಡನೆ, ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ದು ಪೂಜಿಸುವರು. ಪೈರಿನ ನಡುವೆ ಚರಗ ಚೆಲ್ಲುವರು. ಕಾಗೆಗೂ ಅದರಲ್ಲಿ ಪಾಲುಂಟು. ಮನೆಯಲ್ಲಿ ಬರೆದ ಸಸಿಯು ಗದ್ದೆಯಲ್ಲಿ ನಿಂತ ಸಸಿಯ ಬಳಿಗೇ ಹೋಗಿ ನಿಲ್ಲುವುದು! ಚಿತ್ರವು ಸರಿಯಾಗಿದೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕೇ?

ಕಾಲವು ಬದಲಾಗಿರುವುದು. ಮಣ್ಣಿನ ಗೋಡೆಗಳ ಸ್ಥಾನದಲ್ಲಿ ಸಿಮೆಂಟಿನ ಗೋಡೆಗಳು ಬಂದಿವೆ; ಅಂಗಡಿಯ ಬಣ್ಣವು ಸುಲಭವಾಗಿ ದೊರೆಯುವುದು. ಚಿತ್ತಾರವು ಕಾಗದ, ಬಟ್ಟೆಗಳ ಮೇಲೆ ಇಳಿದು ಪಟ್ಟಣಗಳಲ್ಲಿ ಮಾರಾಟವಾಗುತ್ತಿರುವುದು. ಇದರಿಂದ ಬರೆಯುವ ಕೈಗಳಿಗೆ ನಾಲ್ಕು ಕಾಸು ದೊರೆಯುವುದಾದರೆ ಸಂತೋಷವೇ ಸರಿ. ಆದರೆ ಎಳೆಗಳು ಮಾತ್ರ ಉಳಿದು, ಮಣ್ಣನ್ನೂ ಕಾಯಿಯನ್ನೂ ಗುರುತಿಸುವ ಕಣ್ಣು ಅಳಿದರೆ, ಉಳಿದುದು ಬುಟ್ಟಿಯೇ ಹೊರತು ಅದರೊಳಗಿನ ಅನ್ನವಲ್ಲ.

ಪಟ್ಟಣದಲ್ಲಿರುವ ನಾವು ಗದ್ದೆಯನ್ನು ಮನೆಗೆ ತರಲಾರೆವು, ನಿಜ. ಆದರೂ ಒಂದು ಹಿಡಿ ಅಕ್ಕಿ, ಒಂದು ಉಂಡೆ ಕೆಮ್ಮಣ್ಣು ಯಾರ ಮನೆಗೆ ಭಾರ? ರಜೆಯ ದಿನ ಮಕ್ಕಳನ್ನು ಹಿತ್ತಲಿಗೋ ಕೆರೆಯ ಏರಿಗೋ ಕರೆದೊಯ್ದು, ಒಂದೇ ಒಂದು ಗಿಡವನ್ನು ಎಲೆಯೆಲೆಯಾಗಿ ನೋಡಿಸಿ, ಮನೆಗೆ ಬಂದ ಮೇಲೆ ನೆನಪಿನಿಂದ ಬರೆಯಿಸಿರಿ. ಎಲೆಗಳು ಎದುರುಬದುರಾಗಿದ್ದುವೋ ಒಂದಾದ ಮೇಲೊಂದಿದ್ದುವೋ ಎಂಬ ಸಂದೇಹವು ಬಂದೇ ಬರುವುದು; ಮಗುವು ಪುನಃ ಗಿಡದ ಬಳಿಗೆ ಓಡುವುದು. ಕಲೆಯಿಂದ ನಮಗೆ ಬೇಕಾದುದು ಆ ಓಟವೇ.